ಗಾಮಾ ಪೈಲ್ವಾನ್ ಗೆದ್ದರೋ, ಡ್ರಾ ಆಯ್ತೋ?

ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ಜಗಳ ಎರಡು ದಿನ ನಡೀತು. ಗಾಮಾ ಪೈಲ್ವಾನ್ ಲಂಡನ್ನಿಗೆ ಹೋಗಿ ವರ್ಲ್ಡ್ ಚಾಂಪಿಯನ್ ಆಗಿ ಬಂದರು ಅಂತ ಒಂದು ಪಾರ್ಟಿ. ಫೈನಲ್ ಡ್ರಾ ಆಗಿತ್ತಲ್ಲ, ಗೆದ್ದಿದ್ದೆಲ್ಲಿ ಅಂತ ಇನ್ನೊಂದು ಪಾರ್ಟಿ. ಕೊನೆಗೆ ಇಂಟರ್ನಲ್ಸ್ ಹತ್ತಿರ ಬಂದಿದೆ ಅನ್ನೋದನ್ನೂ ಮರೆತು ಕೂತು ಓದಿದೆವು. ಎರಡು ಪಾರ್ಟಿಯವರೂ ಅರ್ಧರ್ಧ ಸರಿ ಇದ್ದೆವು. ಓದಿದ್ದನ್ನು ಇಲ್ಲಿ ಬರೀತಾ ಇದ್ದೀವಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಆದ ನಮಗೆ ಕನ್ನಡದಲ್ಲಿ ಬರೆಯೋದು ಅಂದ್ರೆ ಬೇರೆಯವರ ಅಖಾಡಕ್ಕೆ ಇಳಿದ ಹಾಗೆ. ತಪ್ಪಿದ್ದರೆ ಕ್ಷಮಿಸಿ.

ಅವರ ಪೂರ್ತಿ ಹೆಸರು ಗುಲಾಂ ಮೊಹಮ್ಮದ್ ಬಕ್ಷ್. 1878ರಲ್ಲಿ ಪಂಜಾಬಿನ ಅಮೃತಸರದ ಕಡೆ ಹುಟ್ಟಿದರು. ಕಾಶ್ಮೀರ ಮೂಲದ ಮುಸ್ಲಿಂ ಕುಟುಂಬ, ಮನೆತುಂಬಾ ಪೈಲ್ವಾನರೇ. ನಮ್ಮ ಕಡೆ ಗರಡಿಮನೆ ಅನ್ನೋದನ್ನ ಅಲ್ಲಿ ಅಖಾಡ ಅಂತಾರೆ. ಹುಡುಗ ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡರು. ಮೊದಲು ಅಜ್ಜ, ಆಮೇಲೆ ಮಾವ ಅವನನ್ನು ಸಾಕಿ, ಕುಸ್ತಿ ಕಲಿಸಿದರು.

ಹತ್ತು ವರ್ಷಕ್ಕೆ ಹುಡುಗನ ಹೆಸರು ದೊರೆಗಳ ಕಿವಿಗೆ ಬಿತ್ತು. 1888ರಲ್ಲಿ ಜೋಧಪುರದಲ್ಲಿ ಬಸ್ಕಿ ಹೊಡೆಯೋ ಸ್ಪರ್ಧೆ ಇತ್ತು. ನಾನೂರಕ್ಕೂ ಹೆಚ್ಚು ಪೈಲ್ವಾನರು ಸೇರಿದ್ದರಂತೆ. ಕೊನೆಗೆ ಉಳಿದ ಹದಿನೈದು ಜನರಲ್ಲಿ ಈ ಹುಡುಗನೂ ಇದ್ದ. ವಯಸ್ಸು ನೋಡಿ ಮಹಾರಾಜರು ಅವನನ್ನೇ ವಿಜೇತ ಅಂತ ಘೋಷಿಸಿದರು. ಆಮೇಲೆ ದತಿಯಾ ಸಂಸ್ಥಾನದ ದೊರೆ ಅವನನ್ನು ತಮ್ಮಲ್ಲಿಗೆ ಕರೆಸಿಕೊಂಡು ತಾಲೀಮು ಕೊಡಿಸಿದರು. ಆ ಕಾಲದಲ್ಲಿ ಪೈಲ್ವಾನನ ಊಟ, ಹಾಲು, ಬಾದಾಮಿ ಎಲ್ಲಾ ಅರಮನೆ ಲೆಕ್ಕ. ಈಗಿನ ಸ್ಪಾನ್ಸರ್ ಇದ್ದ ಹಾಗೆ.

ಗಾಮಾ ದಿನಕ್ಕೆ 5000 ಬಸ್ಕಿ, 3000 ದಂಡ ಹೊಡೀತಿದ್ದರು ಅಂತ ಎಲ್ಲರೂ ಬರೀತಾರೆ. ನಾವು ಲೆಕ್ಕ ಹಾಕಿದೆವು. ಒಂದು ಬಸ್ಕಿಗೆ ಎರಡು ಸೆಕೆಂಡ್ ಅಂದ್ರೂ 5000ಕ್ಕೆ ಹತ್ತು ಸಾವಿರ ಸೆಕೆಂಡ್. ಅಂದ್ರೆ 2 ಗಂಟೆ 46 ನಿಮಿಷ, ನಡುವೆ ಉಸಿರು ಬಿಡದೆ. ನಮ್ಮ ರೂಮಿನಲ್ಲಿ ಟ್ರೈ ಮಾಡಿದವರು 60ಕ್ಕೆ ನಿಂತರು, ಮಾರನೇ ದಿನ ಮೆಟ್ಟಿಲು ಇಳಿಯೋಕೆ ಗೋಡೆ ಹಿಡಿದರು.

ಇನ್ನೊಂದು ಲೆಕ್ಕವನ್ನೂ ಹಾಕಿದೆವು. ಬರೋಡಾ ಮ್ಯೂಸಿಯಂನಲ್ಲಿ ಎರಡೂವರೆ ಅಡಿ ಎತ್ತರದ ಒಂದು ಕಲ್ಲಿದೆ. 1902ರ ಡಿಸೆಂಬರ್ 23ರಂದು ಗಾಮಾ ಇದನ್ನು ಎತ್ತಿದರು ಅಂತ ಅದರ ಮೇಲೇ ಕೆತ್ತಿದ್ದಾರೆ. ತೂಕ 1200 ಕೆಜಿ ಅಂತ ಪ್ರತೀತಿ. ಗ್ರಾನೈಟಿನ ಸಾಂದ್ರತೆ ಹಿಡಿದು ನೋಡಿದರೆ ಉದ್ದ, ಅಗಲ, ಎತ್ತರ ಎಲ್ಲವೂ ಎರಡೂವರೆ ಅಡಿ ಇರೋ ದಿಮ್ಮಿ ಹೆಚ್ಚುಕಮ್ಮಿ ಅಷ್ಟೇ ತೂಗುತ್ತೆ. ಹಾಗಾಗಿ ತೂಕ ಸುಳ್ಳೇ ಇರಬೇಕು ಅಂತಿಲ್ಲ. ಆದರೆ ಇವತ್ತು ಜಗತ್ತಿನ ಅತಿ ಬಲಶಾಲಿಗಳು ನೆಲದಿಂದ ತೊಡೆಮಟ್ಟಕ್ಕೆ ಎತ್ತುವ ದಾಖಲೆಯೇ 500 ಕೆಜಿ ಆಸುಪಾಸು. 1200 ಕೆಜಿ ಕಲ್ಲನ್ನು ಎದೆಗೆತ್ತಿಕೊಂಡು ನಡೆದರು ಅನ್ನೋ ಕಥೆಯನ್ನು ಎಂಜಿನಿಯರಿಂಗ್ ಓದುವ ನಾವು ನಂಬೋದು ಕಷ್ಟ. ಅವರ ನಿಜವಾದ ಕುಸ್ತಿಗಳೇ ಸಾಕಷ್ಟಿವೆ, ಕಲ್ಲಿನ ಸಹಾಯ ಬೇಕಿಲ್ಲ.

ಉದಾಹರಣೆಗೆ ಗುಜ್ರನ್‌ವಾಲಾದ ರಹೀಂ ಬಕ್ಷ್ ಸುಲ್ತಾನಿವಾಲಾ. ಎತ್ತರ ಏಳಡಿ ಹತ್ತಿರ. ಗಾಮಾ ಐದೂಮುಕ್ಕಾಲು ಅಡಿಯೂ ಇರಲಿಲ್ಲ. 1895ರಲ್ಲಿ, ಹದಿನೇಳರ ಗಾಮಾ ಆ ಹೆಸರಾಂತ ಉಸ್ತಾದರ ಎದುರು ಇಳಿದರು. ಗಂಟೆಗಟ್ಟಲೆ ಹಿಡಿದಾಡಿದರೂ ಯಾರ ಬೆನ್ನೂ ಮಣ್ಣಿಗೆ ತಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಗಾಮಾ ದೇಶದ ದೊಡ್ಡ ಪೈಲ್ವಾನರನ್ನೆಲ್ಲಾ ಚಿತ್ ಮಾಡಿದರು, ರಹೀಂ ಮಾತ್ರ ಬಗ್ಗಲಿಲ್ಲ.

1910ರಲ್ಲಿ ಬಂಗಾಳದ ಶ್ರೀಮಂತ ಶರತ್ ಕುಮಾರ್ ಮಿತ್ರ ಅವರ ಖರ್ಚಿನಲ್ಲಿ ಗಾಮಾ ಮತ್ತು ತಮ್ಮ ಇಮಾಂ ಬಕ್ಷ್ ಲಂಡನ್ನಿಗೆ ಹಡಗು ಹತ್ತಿದರು. ಅಲ್ಲಿ ಜಾನ್ ಬುಲ್ ವಿಶ್ವ ಚಾಂಪಿಯನ್‌ಶಿಪ್ ಅಂತ ಒಂದು ದೊಡ್ಡ ಟೂರ್ನಮೆಂಟ್. ಬಹುಮಾನ 250 ಪೌಂಡ್ ಮತ್ತು ಒಂದು ಬೆಲ್ಟ್. ಯುರೋಪ್, ಅಮೆರಿಕಾದ ಕುಸ್ತಿಪಟುಗಳು ಆಗ ಲಂಡನ್ನಿನಲ್ಲೇ ಸೇರುತ್ತಿದ್ದರು.

ಇಲ್ಲಿ ರೂಲ್ಸ್ ಬಗ್ಗೆ ಸ್ವಲ್ಪ ಹೇಳಬೇಕು, ನಮ್ಮ ಜಗಳದ ಉತ್ತರ ಅದರಲ್ಲೇ ಇರೋದು. ಯುರೋಪಿನಲ್ಲಿ ಗ್ರೀಕೋ-ರೋಮನ್ ಶೈಲಿ ಇತ್ತು. ಅದರಲ್ಲಿ ಸೊಂಟದ ಕೆಳಗೆ ಕೈ ಹಾಕೋ ಹಾಗಿಲ್ಲ. ಇಂಗ್ಲೆಂಡ್, ಅಮೆರಿಕಾದಲ್ಲಿ ಕ್ಯಾಚ್-ಆಸ್-ಕ್ಯಾಚ್-ಕ್ಯಾನ್, ಅಂದ್ರೆ ಎಲ್ಲಿ ಸಿಕ್ಕರೆ ಅಲ್ಲಿ ಹಿಡಿ, ಕಾಲೂ ಸೇರಿ. ಆದರೆ ಎದುರಾಳಿಯ ಎರಡೂ ಭುಜ ಮ್ಯಾಟಿಗೆ ಒತ್ತಿ ಹಿಡಿಯಬೇಕು. ನಮ್ಮ ಕುಸ್ತಿ ನಡೆಯೋದು ಹದ ಮಾಡಿದ ಮಣ್ಣಿನಲ್ಲಿ. ಮೈಗೆ ಮಣ್ಣು ಹಚ್ಚಿಕೊಂಡರೆ ಹಿಡಿತ ಸಿಗುತ್ತೆ. ಮ್ಯಾಟ್ ಮೇಲೆ ಆ ಮಣ್ಣಿಲ್ಲ, ಬೆವರಿನಲ್ಲಿ ಕೈ ಜಾರುತ್ತೆ. ಗಾಮಾ ಆಡಬೇಕಾಗಿದ್ದು ಮ್ಯಾಟ್ ಮೇಲೆ, ಕ್ಯಾಚ್ ರೂಲ್ಸಿನಲ್ಲಿ.

ಮೊದಲಿಗೆ ಆಳು ಗಿಡ್ಡ ಅಂತ ಅವರನ್ನು ಟೂರ್ನಮೆಂಟಿಗೇ ಸೇರಿಸಿಕೊಳ್ಳಲಿಲ್ಲ. ಅರ್ಧ ಗಂಟೆಯಲ್ಲಿ ಯಾವ ತೂಕದ ಮೂವರನ್ನಾದರೂ ಕೆಡವುತ್ತೇನೆ ಅಂತ ಗಾಮಾ ಸವಾಲು ಹಾಕಿದರು. ಇದು ಏನೋ ಗಿಮಿಕ್ ಅಂತ ಜನ ನಕ್ಕರು. ಆಗ ವಿಶ್ವ ಚಾಂಪಿಯನ್ ಆಗಿದ್ದ ಅಮೆರಿಕಾದ ಫ್ರಾಂಕ್ ಗಾಚ್ ಅವರಿಗೂ ಸವಾಲು ಹೋಯ್ತು, ಗಾಚ್ ಬರಲಿಲ್ಲ. ಬಂದವರು ಅಮೆರಿಕಾದ ಡಾಕ್ಟರ್ ಬೆಂಜಮಿನ್ ರೋಲರ್. ಅವರು ವೃತ್ತಿಯಲ್ಲಿ ವೈದ್ಯರೂ ಹೌದು, ಕುಸ್ತಿಪಟುವೂ ಹೌದು. ಗಾಮಾ ಅವರನ್ನು ಮೊದಲ ಸಲ 1 ನಿಮಿಷ 40 ಸೆಕೆಂಡಿನಲ್ಲಿ, ಎರಡನೇ ಸಲ 9 ನಿಮಿಷ 10 ಸೆಕೆಂಡಿನಲ್ಲಿ ಚಿತ್ ಮಾಡಿದರು. ಇಮಾಂ ಬಕ್ಷ್ ಕೂಡ ಸ್ವಿಟ್ಜರ್ಲೆಂಡಿನ ಜಾನ್ ಲೆಮ್ ಅವರನ್ನು ಸೋಲಿಸಿದರು. ನಗು ನಿಂತಿತು, ಟೂರ್ನಮೆಂಟಿನ ಬಾಗಿಲು ತೆರೀತು.

1910ರ ಸೆಪ್ಟೆಂಬರ್ 10, ಶನಿವಾರ. ಜಾಗ ವೈಟ್ ಸಿಟಿ ಸ್ಟೇಡಿಯಂ. ಎದುರಾಳಿ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ, ಗಾಮಾಗಿಂತ ಎಷ್ಟೋ ಭಾರದ ಆಳು, ಗ್ರೀಕೋ-ರೋಮನ್‌ನಲ್ಲಿ ಪಳಗಿದವರು. ಗಾಮಾ ಅವರ ದೇಶ ಬ್ರಿಟಿಷರ ಕೈಯಲ್ಲಿತ್ತು. ಜಿಬಿಸ್ಕೊ ಅವರ ಪೋಲೆಂಡ್ ಆಗ ಮ್ಯಾಪಿನಲ್ಲೇ ಇರಲಿಲ್ಲ, ಅವರು ಹುಟ್ಟಿದ ಕಡೆ ಆಸ್ಟ್ರಿಯಾ-ಹಂಗರಿಯ ಆಳ್ವಿಕೆ. ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಆಡಿದ ಇಬ್ಬರಿಗೂ ಸ್ವಂತ ಬಾವುಟ ಇರಲಿಲ್ಲ. ಇದನ್ನು ಓದಿದಾಗ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮೊದಲ ನಿಮಿಷದಲ್ಲೇ ಗಾಮಾ ಅವರನ್ನು ಕೆಳಗೆ ಹಾಕಿದರು. ಆಮೇಲೆ ಜಿಬಿಸ್ಕೊ ಏಳಲೇ ಇಲ್ಲ ಅನ್ನಬಹುದು. ಹೊಟ್ಟೆ ಅಡಿಗೆ ಮಾಡಿ, ಮ್ಯಾಟನ್ನು ತಬ್ಬಿಕೊಂಡ ಹಾಗೆ ಉಳಿದುಬಿಟ್ಟರು. ಭುಜ ತಾಗದೆ ಸೋಲಿಲ್ಲ. ಅಷ್ಟು ಭಾರದ ದೇಹವನ್ನು ಮಗುಚಿ ಹಾಕಲು ಗಾಮಾಗೆ ಆಗಲಿಲ್ಲ. 2 ಗಂಟೆ 35 ನಿಮಿಷ ಹೀಗೇ ಕಳೆದು, ಕುಸ್ತಿ ಡ್ರಾ ಆಯ್ತು. ನೋಡುವವರಿಗೆ ಬೇಜಾರಾಗಿರಬೇಕು. ಆದರೆ ಜಿಬಿಸ್ಕೊ ಮಾಡಿದ್ದು ರೂಲ್ಸಿಗೆ ವಿರುದ್ಧ ಅಲ್ಲ. ಫಸ್ಟ್ ಕ್ಲಾಸ್ ಬರಲ್ಲ ಅಂತ ಗೊತ್ತಾದಾಗ ಪಾಸ್ ಮಾರ್ಕ್ಸಿಗೆ ಅಂಟಿಕೊಂಡು ಕೂರೋ ಕೆಲಸ ನಾವೂ ಮಾಡಿದ್ದೀವಿ.

ಸೆಪ್ಟೆಂಬರ್ 17ಕ್ಕೆ ಮತ್ತೆ ಕುಸ್ತಿ ಅಂತ ನಿಗದಿಯಾಯ್ತು. ಗಾಮಾ ಬಂದರು. ಜಿಬಿಸ್ಕೊ ಬರಲಿಲ್ಲ. ಬೆಲ್ಟು ಗಾಮಾ ಅವರಿಗೆ ಸಿಕ್ಕಿತು. ಹೀಗೆ ಚಾಂಪಿಯನ್ ಆಗಿದ್ದೂ ನಿಜ, ಡ್ರಾ ಆಗಿದ್ದೂ ನಿಜ.

ಊರಿಗೆ ಮರಳಿದ ಮೇಲೆ ಅಲಹಾಬಾದಿನಲ್ಲಿ ರಹೀಂ ಬಕ್ಷ್ ಎದುರು ಮತ್ತೆ ಕುಸ್ತಿ ಆಯ್ತು. ತುಂಬಾ ಹೊತ್ತು ನಡೆದ ಮೇಲೆ ಗಾಮಾ ಗೆದ್ದು ರುಸ್ತುಂ-ಎ-ಹಿಂದ್ ಅನ್ನಿಸಿಕೊಂಡರು. ತಮಗೆ ಸಿಕ್ಕ ಅತಿ ಗಟ್ಟಿ ಆಳು ಯಾರು ಅಂತ ಕೇಳಿದವರಿಗೆ ಅವರು ಹೇಳುತ್ತಿದ್ದುದು ಲಂಡನ್ನಿನವರ ಹೆಸರಲ್ಲ, ರಹೀಂ ಅವರದು.

ಜಿಬಿಸ್ಕೊ ಜೊತೆಗಿನ ಬಾಕಿ ಹದಿನೇಳು ವರ್ಷ ಹಾಗೇ ಉಳೀತು. 1928ರ ಜನವರಿಯಲ್ಲಿ ಪಟಿಯಾಲದ ಮಹಾರಾಜರು ಅವರನ್ನು ಕರೆಸಿದರು. ಈ ಸಲ ಮಣ್ಣಿನ ಅಖಾಡ, ಸುತ್ತ ಸಾವಿರಾರು ಜನ. ಇಬ್ಬರಿಗೂ ಐವತ್ತರ ಹತ್ತಿರ ವಯಸ್ಸು. ಒಂದು ನಿಮಿಷದೊಳಗೆ ಜಿಬಿಸ್ಕೊ ಬೆನ್ನು ನೆಲಕ್ಕೆ ತಾಗಿತು.

ಅದೇ ಇಬ್ಬರು. ಲಂಡನ್ನಿನಲ್ಲಿ 155 ನಿಮಿಷಕ್ಕೂ ಮುಗಿಯದ್ದು ಪಟಿಯಾಲದಲ್ಲಿ ಒಂದು ನಿಮಿಷಕ್ಕೆ ಮುಗೀತು. ಲ್ಯಾಬಿನಲ್ಲಿ ರೀಡಿಂಗ್ ಬರೆಯೋ ಮುಂಚೆ ಸೆಟಪ್ ಬರೀರಿ ಅಂತ ಮೇಷ್ಟ್ರು ಯಾಕೆ ಅಷ್ಟು ಹೇಳ್ತಾರೆ ಅಂತ ನಮಗೆ ಈಗ ಅರ್ಥ ಆಯ್ತು. ಜಿಬಿಸ್ಕೊ ಹೇಡಿ ಅಂತ ಬೈದಿದ್ದ ನಮ್ಮ ಗೆಳೆಯ ಆ ಮಾತನ್ನು ವಾಪಸ್ ತಗೊಂಡ. ಸಮುದ್ರ ದಾಟಿ, ಇನ್ನೊಬ್ಬರ ಮಣ್ಣಿಗೆ, ಆ ವಯಸ್ಸಿನಲ್ಲಿ ಬಂದು ನಿಂತವರು ಹೇಡಿ ಹೇಗಾಗ್ತಾರೆ? 1910ರಲ್ಲಿ ಗಾಮಾ ಮಾಡಿದ್ದೂ ಅದೇ ಅಲ್ವಾ?

ಆಮೇಲಿನದು ಬೇಗ ಹೇಳಿ ಮುಗಿಸೋ ಕಥೆ, ಆದರೆ ನಮಗೆ ಮನಸ್ಸಲ್ಲಿ ಉಳಿದಿದ್ದು ಅದೇ. 1947ರಲ್ಲಿ ದೇಶ ಒಡೆದಾಗ ಗಾಮಾ ಲಾಹೋರಿನಲ್ಲಿದ್ದರು. ವಯಸ್ಸು ಅರವತ್ತೊಂಬತ್ತು. ಅವರ ಬೀದಿಯ ಹಿಂದೂ ಕುಟುಂಬಗಳ ಮೇಲೆ ಗುಂಪು ಬಂದಾಗ ಅವರು ಅಡ್ಡ ನಿಂತರು, ಆಮೇಲೆ ಆ ಕುಟುಂಬಗಳನ್ನು ಗಡಿ ದಾಟುವವರೆಗೆ ಕಾಪಾಡಿದರು ಅಂತ ಅವರ ಮನೆಯವರು ಹೇಳಿಕೊಂಡು ಬಂದಿದ್ದಾರೆ. ಆ ದಿನ ರೆಫರಿ ಇರಲಿಲ್ಲ, ರೂಲ್ಸೂ ಇರಲಿಲ್ಲ.

ರಾಜರು ಹೋದ ಮೇಲೆ ಪೈಲ್ವಾನರನ್ನು ಸಾಕುವವರು ಇಲ್ಲವಾದರು. ಕಡೆಗಾಲದಲ್ಲಿ ಕಾಯಿಲೆ, ದುಡ್ಡಿನ ತಾಪತ್ರಯ. ಕುಸ್ತಿ ಅಭಿಮಾನಿಯಾಗಿದ್ದ ಉದ್ಯಮಿ ಜಿ.ಡಿ. ಬಿರ್ಲಾ ಭಾರತದಿಂದ ಹಣ ಕಳಿಸಿದರು. ಪಾಕಿಸ್ತಾನ ಸರ್ಕಾರವೂ ನೆರವು ಕೊಟ್ಟಿತು. 1960ರ ಮೇ 23ರಂದು ಲಾಹೋರಿನಲ್ಲಿ ಗಾಮಾ ತೀರಿಕೊಂಡರು. ಜಿಬಿಸ್ಕೊ ಇನ್ನೂ ಏಳು ವರ್ಷ ಬದುಕಿದ್ದರು. 1950ರಲ್ಲಿ ಬಂದ ಒಂದು ಇಂಗ್ಲಿಷ್ ಸಿನಿಮಾದಲ್ಲಿ ಅವರು ಹಳೇ ಕಾಲದ ಕುಸ್ತಿಪಟುವಿನ ಪಾತ್ರ ಮಾಡಿದ್ದಾರೆ. ಆ ಸಿನಿಮಾ ನಡೆಯೋದೂ ಲಂಡನ್ನಿನಲ್ಲೇ.

ನಮ್ಮ ಜಗಳ ಅಂತೂ ಡ್ರಾ ಆಯ್ತು. ನಿಮ್ಮ ಊರಲ್ಲಿ ಹಳೇ ಗರಡಿಮನೆ ಇದ್ದರೆ, ಅಲ್ಲಿ ಸಾಮು ಮಾಡಿದ ತಾತಂದಿರು ಇದ್ದರೆ, ರಜೆಯಲ್ಲಿ ಹೋಗಿ ಮಾತಾಡಿಸಿ, ಬಳಗಕ್ಕೆ ಬರೆದು ಕಳಿಸಿ. ನಾವು ಬಸ್ಕಿ ಮುಂದುವರಿಸಿದ್ದೀವಿ. ಸದ್ಯಕ್ಕೆ 85.