ನ್ಯಾಯಮೂರ್ತಿ ವಿಲಿಯಂ ಹೆನ್ರಿ ಹೇಸ್ಟಿ

ಅಮೆರಿಕ ಸಂಯುಕ್ತ ಸಂಸ್ಥಾನದ ಕೇಂದ್ರ ಮೇಲ್ಮನವಿ ನ್ಯಾಯಾಲಯದ ಪೀಠವನ್ನೇರಿದ ಕರಿಯ ಜನಾಂಗದವರಲ್ಲಿ ಮೊದಲಿಗರು ವಿಲಿಯಂ ಹೆನ್ರಿ ಹೇಸ್ಟಿ. ಆದರೆ ಶಾಲೆಯೊಂದರ ಸುವರ್ಣ ಸಂಚಿಕೆಯಲ್ಲಿ ಅವರನ್ನು ಸ್ಮರಿಸಲು ಬೇರೊಂದು ಕಾರಣವಿದೆ. ಅವರು ಮೂಲತಃ ಅಧ್ಯಾಪಕರು.

1904ರಲ್ಲಿ ಟೆನೆಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಜನಿಸಿದ ಹೇಸ್ಟಿಯವರು 1925ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನಿಂದ ತರಗತಿಗೇ ಪ್ರಥಮರಾಗಿ ತೇರ್ಗಡೆ ಹೊಂದಿ, ನ್ಯೂಜೆರ್ಸಿಯಲ್ಲಿ ಕರಿಯ ಮಕ್ಕಳ ಶಾಲೆಯೊಂದರಲ್ಲಿ ಎರಡು ವರ್ಷ ಪಾಠ ಹೇಳಿದರು. ಅನಂತರ ಹಾರ್ವರ್ಡ್‌ನಲ್ಲಿ ಕಾನೂನು ಓದಿ, ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಥರ್ಗುಡ್ ಮಾರ್ಷಲ್ ಅಲ್ಲಿ ಅವರ ಶಿಷ್ಯರಾಗಿದ್ದರು.

1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ವರ್ಜಿನ್ ದ್ವೀಪಗಳ ನ್ಯಾಯಾಧೀಶರನ್ನಾಗಿ ನೇಮಿಸಿದರು. ಎರಡೇ ವರ್ಷಗಳಲ್ಲಿ ಆ ಹುದ್ದೆಯನ್ನು ತೊರೆದು ಹೋವರ್ಡ್‌ನ ಕಾನೂನು ಶಾಲೆಯ ಮುಖ್ಯಸ್ಥರಾಗಿ ಹಿಂದಿರುಗಿದರು. ನ್ಯಾಯಪೀಠವನ್ನು ಬಿಟ್ಟು ಕರಿಹಲಗೆಯ ಮುಂದೆ ನಿಲ್ಲಲು ಹೊರಟವರು ಎಲ್ಲಿಯೂ ವಿರಳವೇ.

ವರ್ಜೀನಿಯಾದ ನಾರ್ಫೋಕ್ ನಗರದ ಶಾಲಾ ಮಂಡಲಿಯು ಆಗ ಬಣ್ಣ ನೋಡಿ ಸಂಬಳ ಕೊಡುತ್ತಿತ್ತು. ಪ್ರೌಢಶಾಲೆಯ ಕರಿಯ ಉಪಾಧ್ಯಾಯ ಮೆಲ್ವಿನ್ ಆಲ್ಸ್ಟನ್ನರಿಗೆ ವರ್ಷಕ್ಕೆ 921 ಡಾಲರು. ಅದೇ ಅರ್ಹತೆಯ, ಅಷ್ಟೇ ಅನುಭವದ ಬಿಳಿಯ ಉಪಾಧ್ಯಾಯರಿಗೆ 1,200. ಕೆಳಗಿನ ನ್ಯಾಯಾಲಯ ಅವರ ದಾವೆಯನ್ನು ವಜಾ ಮಾಡಿತು. ಮೇಲ್ಮನವಿಯಲ್ಲಿ ಉಪಾಧ್ಯಾಯರ ಪರವಾಗಿ ನಿಂತವರಲ್ಲಿ ಹೇಸ್ಟಿ ಮತ್ತು ಮಾರ್ಷಲ್, ಗುರುಶಿಷ್ಯರಿಬ್ಬರೂ ಇದ್ದರು. ವರ್ಣವನ್ನಾಧರಿಸಿದ ಈ ವೇತನ ಭೇದವು ಸಂವಿಧಾನಕ್ಕೆ ವಿರುದ್ಧವೆಂದು 1940ರ ಜೂನ್‌ನಲ್ಲಿ ಕೇಂದ್ರ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಸಂಬಳದ ಚೀಟಿಯಲ್ಲಿ ಅಡಗಿರುವ ಅವಮಾನವೇನೆಂಬುದನ್ನು ಉಪಾಧ್ಯಾಯರ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರ್ಷ ಅವರು ಯುದ್ಧ ಖಾತೆಯ ಸಲಹೆಗಾರರಾದರು. ವಾಯುಪಡೆಯು ಕರಿಯರನ್ನು ಪ್ರತ್ಯೇಕವಾಗಿರಿಸುವುದನ್ನು ಬಿಡಲೊಪ್ಪದಿದ್ದಾಗ, ಯುದ್ಧದ ನಡುವೆಯೇ, 1943ರ ಜನವರಿಯಲ್ಲಿ ಪ್ರತಿಭಟಿಸಿ ರಾಜೀನಾಮೆಯಿತ್ತರು. ಸೇನೆಯಲ್ಲಿನ ಈ ಭೇದವನ್ನು ಕೊನೆಗಾಣಿಸುವ ಆಜ್ಞೆ ಹೊರಟದ್ದು 1948ರಲ್ಲಿ. ಅಷ್ಟರಲ್ಲಿ ಹೇಸ್ಟಿ ವರ್ಜಿನ್ ದ್ವೀಪಗಳ ರಾಜ್ಯಪಾಲರಾಗಿದ್ದರು.

1949ರಲ್ಲಿ ಅಧ್ಯಕ್ಷ ಟ್ರೂಮನ್ ಅವರನ್ನು ಫಿಲಡೆಲ್ಫಿಯಾದ ಮೇಲ್ಮನವಿ ನ್ಯಾಯಾಲಯಕ್ಕೆ ನೇಮಿಸಿದರು. ಸೆನೆಟ್ ಸಭೆಯ ಒಪ್ಪಿಗೆ ದೊರೆಯಲು ಮುಂದಿನ ಜುಲೈವರೆಗೆ ಕಾಯಬೇಕಾಯಿತು. ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ಡೆಲಾವೇರ್ ರಾಜ್ಯಗಳಲ್ಲದೆ, ತಾವು ಹಿಂದೆ ಆಳಿದ ದ್ವೀಪಗಳ ಮೇಲ್ಮನವಿಗಳೂ ಅವರ ಮುಂದೆ ಬರುತ್ತಿದ್ದವು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅವರ ಹೆಸರು ಅಧ್ಯಕ್ಷ ಕೆನಡಿಯವರ ಪರಿಶೀಲನೆಗೆ ಬಂದಿತ್ತಾದರೂ ಆ ಸ್ಥಾನ ಬೇರೊಬ್ಬರ ಪಾಲಾಯಿತು. ಐದು ವರ್ಷಗಳ ತರುವಾಯ ಆ ಸರ್ವೋಚ್ಚ ಪೀಠವನ್ನೇರಿದ ಮೊದಲ ಕರಿಯ ನ್ಯಾಯಮೂರ್ತಿ ಅವರ ಶಿಷ್ಯ ಮಾರ್ಷಲ್. ಗುರುಗಳು 1968ರಿಂದ 1971ರವರೆಗೆ ತಮ್ಮ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದು, 1976ರ ಏಪ್ರಿಲ್ 14ರಂದು ನಿಧನರಾದರು.