ಕರ್ನಾಟಕದ ಕುಲಪುರೋಹಿತ ಆಲೂರ ವೆಂಕಟರಾಯರು

ಕಳೆದ ವರ್ಷ ನಮ್ಮ ಶಾಲೆಯ ಮಕ್ಕಳನ್ನು ಕಾತ್ರಜಕ್ಕೆ ಸಮೀಪದ ಆಂಬೇಗಾವದ ಶಿವಸೃಷ್ಟಿಗೆ ಕರೆದೊಯ್ದಿದ್ದೆವು. ಶಿವಾಜಿ ಮಹಾರಾಜರ ಕಾಲವನ್ನು ಅಲ್ಲಿ ಬೆಳಕು, ಧ್ವನಿ, ಚಿತ್ರಗಳಿಂದ ಕಣ್ಣಿಗೆ ಕಟ್ಟುವಂತೆ ತೋರಿಸುತ್ತಾರೆ. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಮರಳಿ ಬರುವಾಗ ಏಳನೆಯ ಇಯತ್ತೆಯ ಹುಡುಗನೊಬ್ಬನು, ಕನ್ನಡಿಗರಾದ ನಮಗೂ ಇಂಥದೊಂದು ಕಥೆಯುಂಟೇ ಎಂದು ಕೇಳಿದನು. ನಾವು ಇಮ್ಮಡಿ ಪುಲಕೇಶಿಯ ಹೆಸರು ಹೇಳಿದೆವು. ಆ ಹೆಸರನ್ನು ಅವನು ಪರೀಕ್ಷೆಗಾಗಿ ಎಂದೋ ಬಾಯಿಪಾಠ ಮಾಡಿದ್ದನು, ಕೇಳಿ ಸುಮ್ಮನಾದನು. ತಪ್ಪು ಅವನದಲ್ಲ, ಹೇಳಿದ ನಮ್ಮದು. ಇದೇ ಪುಣೆಯಲ್ಲಿ ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡ ವಿದ್ಯಾರ್ಥಿಯೊಬ್ಬರಿದ್ದರು. ಅವರ ಚರಿತ್ರೆಯನ್ನು ಆ ಹುಡುಗನಿಗೂ ಅವನ ಒಡನಾಡಿಗಳಿಗೂ ಇಲ್ಲಿ ಹೇಳುತ್ತೇವೆ.

ಆಲೂರ ವೆಂಕಟರಾಯರು ೧೮೮೦ನೆಯ ಇಸವಿಯ ಜುಲೈ ೧೨ರಂದು ವಿಜಾಪುರದಲ್ಲಿ ಜನಿಸಿದರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೆಲ್ಲ ಅಂದು ಮುಂಬಯಿ ಇಲಾಖೆಗೆ ಸೇರಿದ್ದವು; ಬಳ್ಳಾರಿ, ಮಂಗಳೂರುಗಳು ಮದ್ರಾಸಿಗೆ; ಕಲಬುರ್ಗಿ, ಬೀದರಗಳು ನಿಜಾಮರಿಗೆ; ಮೈಸೂರು ಒಡೆಯರಿಗೆ. ಕರ್ನಾಟಕವೆಂದರೆ ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದರೆ ಓದಿದವರೂ ತಡವರಿಸುತ್ತಿದ್ದ ಕಾಲವದು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದುದು ೧೯೧೭ರಲ್ಲಿ. ಆದ್ದರಿಂದ ಉಚ್ಚ ಶಿಕ್ಷಣ ಬಯಸಿದ ಆ ಭಾಗದ ತರುಣರು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿ ೧೯೦೩ರಲ್ಲಿ ಬಿ.ಎ. ಪದವಿಯನ್ನು ಪಡೆದರು.

ಆಗಿನ ಪುಣೆ ಎಂಥದಿತ್ತೆಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು. ನ್ಯಾಯಮೂರ್ತಿ ರಾನಡೆಯವರು ೧೮೭೫ರಲ್ಲಿ ಆರಂಭಿಸಿದ ವಸಂತ ವ್ಯಾಖ್ಯಾನಮಾಲೆಯಲ್ಲಿ ಪ್ರತಿ ಬೇಸಿಗೆಯಲ್ಲಿ ವಿದ್ವಾಂಸರು ಸಾರ್ವಜನಿಕರಿಗಾಗಿ ಉಪನ್ಯಾಸ ಮಾಡುತ್ತಿದ್ದರು. ಲೋಕಮಾನ್ಯ ತಿಲಕರು ೧೮೯೩ರಿಂದ ಗಣೇಶೋತ್ಸವಕ್ಕೆ ಸಾರ್ವಜನಿಕ ರೂಪ ಕೊಟ್ಟಿದ್ದರು. ಮೂರು ವರ್ಷಗಳ ಮೇಲೆ ರಾಯಗಡದಲ್ಲಿ ಶಿವಾಜಿ ಉತ್ಸವವೂ ನಡೆಯಿತು. ಮಂಟಪದಲ್ಲಿ ಭಾಷಣ, ಬೀದಿಯಲ್ಲಿ ಮೇಳಗಳ ಹಾಡು, ಚೌಕದಲ್ಲಿ ಪೋವಾಡಾ. ಇತಿಹಾಸವು ಪುಸ್ತಕದ ಕಪಾಟಿನಿಂದ ಇಳಿದು ಬೀದಿಗೆ ಬಂದಿತ್ತು. ಶಾಲೆಯ ಮುಖ ಕಾಣದವನೂ ರಾಯಗಡದ ಸುದ್ದಿಯನ್ನು ಬಲ್ಲವನಾಗಿದ್ದನು.

ಮರಾಠಿಗರ ಈ ಅಭಿಮಾನವನ್ನು ವೆಂಕಟರಾಯರು ಮೆಚ್ಚಿದರು, ಹೊಟ್ಟೆಕಿಚ್ಚುಪಡಲಿಲ್ಲ. ಮಹಾರಾಷ್ಟ್ರದ ಇತಿಹಾಸವನ್ನು ಬಲ್ಲ ತಮಗೆ ತಮ್ಮ ನಾಡಿನ ಇತಿಹಾಸವೇ ತಿಳಿಯದಲ್ಲ ಎಂಬ ಕೊರಗು ಮಾತ್ರ ಅವರಲ್ಲಿ ಹುಟ್ಟಿತು. ಮುಂಬಯಿಯಲ್ಲಿ ಕಾಯದೆಯನ್ನು ಅಭ್ಯಸಿಸಿ ೧೯೦೫ರಲ್ಲಿ ಎಲ್‌ಎಲ್.ಬಿ. ಆದರು. ಅದೇ ವರ್ಷ ತುಂಗಭದ್ರೆಯ ತೀರದ ಹಂಪೆ, ಆನೆಗೊಂದಿಗಳನ್ನು ಕಂಡರು. ಮೈಲುಗಟ್ಟಲೆ ಹರಡಿದ ಆ ಹಾಳು ಪಟ್ಟಣದ ನಡುವೆ ನಿಂತಾಗ ಅವರ ಬಾಳಿನ ದಿಕ್ಕೇ ತಿರುಗಿತು.

ಧಾರವಾಡದಲ್ಲಿ ವಕೀಲರಾದರು. ಆದರೆ ಮನಸ್ಸು ಕಚೇರಿಯಲ್ಲಿ ನಿಲ್ಲಲಿಲ್ಲ. ೧೮೯೦ರಲ್ಲಿ ಸ್ಥಾಪಿತವಾಗಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘದ ಕಾರ್ಯಕ್ಕೆ ಹೆಗಲು ಕೊಟ್ಟು, ಅದರ ‘ವಾಗ್ಭೂಷಣ’ ಪತ್ರಿಕೆಯನ್ನು ನಡೆಸಿದರು. ೧೯೦೭ರಲ್ಲಿ ವಿದ್ಯಾರಣ್ಯರ ಚರಿತ್ರೆಯನ್ನು ಬರೆದರು. ಹಾಳು ಗುಡಿಗಳನ್ನೂ ಶಾಸನಗಳನ್ನೂ ಹುಡುಕಿ ಅಲೆದರು. ಊರೂರಿಗೆ ಹೋಗಿ ಜನರ ಮುಂದೆ ನಿಂತು ಮಾತನಾಡಿದರು. ಹರ್ಷವರ್ಧನನನ್ನು ನರ್ಮದೆಯ ದಡದಲ್ಲಿ ತಡೆದವನು ಬಾದಾಮಿಯ ಅರಸನೆಂದು ಐಹೊಳೆಯ ೬೩೪ರ ಶಾಸನ ಸಾರುತ್ತದೆ. ನೀವು ಪ್ರವಾಸದಲ್ಲಿ ಕಾಣುವ ವೇರೂಳದ ಕೈಲಾಸವನ್ನು ಬಂಡೆಯಲ್ಲಿ ಕೊರೆಯಿಸಿದವರು ರಾಷ್ಟ್ರಕೂಟರು. ಕವಿರಾಜಮಾರ್ಗವು ಅವರ ಆಸ್ಥಾನದಲ್ಲಿ ಹುಟ್ಟಿದ ಕನ್ನಡ ಗ್ರಂಥ. ಇಂಥ ಸಂಗತಿಗಳು ಅಂದು ಫ್ಲೀಟ್, ಭಾಂಡಾರಕರ ಮೊದಲಾದವರ ಇಂಗ್ಲಿಷ್ ಗ್ರಂಥಗಳಲ್ಲಿದ್ದವು. ಅವುಗಳನ್ನು ಕನ್ನಡದಲ್ಲಿ, ಕನ್ನಡಿಗರ ಎದುರಿಗೆ ಹೇಳುವವರು ಬೇಕಾಗಿತ್ತು.

ಈ ಕೆಲಸದಲ್ಲಿ ಅವರು ಒಬ್ಬರೇ ಇರಲಿಲ್ಲ. ಶಾಂತಕವಿಗಳೆಂದು ಪ್ರಸಿದ್ಧರಾದ ಸಕ್ಕರಿ ಬಾಳಾಚಾರ್ಯರು ನಮ್ಮಂತೆಯೇ ಶಾಲಾ ಮಾಸ್ತರರು. ಮರಾಠಿ ನಾಟಕ ಮಂಡಳಿಗಳು ಧಾರವಾಡದ ಸೀಮೆಯಲ್ಲಿ ಮೆರೆಯುತ್ತಿದ್ದಾಗ ಅವರು ಗದುಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಕೀರ್ತನಗಳನ್ನು ಮಾಡುತ್ತ ಜನರಲ್ಲಿ ನಾಡಿನ ಅಭಿಮಾನವನ್ನು ಬಿತ್ತಿದರು. ಉಪನ್ಯಾಸಕ್ಕೆ ಬಾರದವರು ಕೀರ್ತನಕ್ಕೆ ಬರುತ್ತಾರೆ. ಇದು ಮಾಸ್ತರಿಕೆ ಮಾಡಿದವರಿಗೆಲ್ಲ ಗೊತ್ತು. ೧೯೨೦ರಲ್ಲಿ ಅವರು ತೀರಿಕೊಂಡರು.

ಕರ್ನಾಟಕದ ಇತಿಹಾಸ ಸಂಶೋಧನೆಗೆ ಮಂಡಲವೊಂದು ೧೯೧೪ರಲ್ಲಿ ಹುಟ್ಟಿತು. ಅದರ ಮುಂದಾಳುಗಳಲ್ಲಿ ವೆಂಕಟರಾಯರು ಒಬ್ಬರು. ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ಅದನ್ನು ಇಂದು ಓದಿದರೆ ಅಲ್ಲಲ್ಲಿ ವಕೀಲರ ವಾದದ ಧಾಟಿ ಕಾಣುತ್ತದೆ. ವೈಭವದ ವರ್ಣನೆಯಲ್ಲಿ ಒಕ್ಕಲಿಗನ, ಕಲ್ಲುಕುಟಿಗನ ಬಾಳು ಮರೆಯಾಗುತ್ತದೆಂದೂ ನಮಗೆ ಅನಿಸುತ್ತದೆ. ಇಂದಿನ ಗಡಿಗಳನ್ನು ಅಂದಿನ ರಾಜ್ಯಗಳ ಮೇಲೆ ಹೊರಿಸಲೂ ಬಾರದು: ಪುಲಕೇಶಿಯ ರಾಜ್ಯವನ್ನು ಕಂಡ ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಅದನ್ನು ಮಹಾರಾಷ್ಟ್ರವೆಂದೇ ಕರೆದಿದ್ದಾನೆ. ಆದರೂ ತಲೆತಗ್ಗಿಸಿ ಕುಳಿತಿದ್ದ ಜನರನ್ನು ಎಬ್ಬಿಸುವುದಕ್ಕೆ ಬರೆದ ಪುಸ್ತಕವದು. ಆ ಕೆಲಸವನ್ನು ಅದು ಮಾಡಿತು.

ಕನ್ನಡದ ಮೇಲಿನ ಪ್ರೀತಿ ಮರಾಠಿಯ ದ್ವೇಷವಾಗಲಿಲ್ಲವೆಂಬುದಕ್ಕೆ ಒಂದು ಸಾಕ್ಷಿ ಸಾಕು: ತಿಲಕರ ‘ಗೀತಾರಹಸ್ಯ’ವನ್ನು ಮರಾಠಿಯಿಂದ ಕನ್ನಡಕ್ಕೆ ತಂದವರು ಇವರೇ. ಮುಂದೆ ವಕೀಲಿಯನ್ನು ತೊರೆದರು. ೧೯೨೨ರಲ್ಲಿ ‘ಜಯಕರ್ನಾಟಕ’ ಮಾಸಪತ್ರಿಕೆಯನ್ನು ಆರಂಭಿಸಿದರು. ೧೯೩೦ರಲ್ಲಿ ಮೈಸೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ೧೯೫೬ರ ನವೆಂಬರ್ ೧ರಂದು ಹರಿದು ಹಂಚಿಹೋಗಿದ್ದ ನಾಡು ಒಂದಾದಾಗ ಎಪ್ಪತ್ತಾರರ ವೃದ್ಧರಾಗಿದ್ದರೂ ಹಂಪೆಗೆ ಹೋಗಿ ಭುವನೇಶ್ವರಿಯನ್ನು ಪೂಜಿಸಿದರು. ೧೯೬೪ರ ಫೆಬ್ರುವರಿ ೨೫ರಂದು ದಿವಂಗತರಾದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು ೧೯೭೩ರಲ್ಲಿ. ಅದನ್ನು ಕೇಳಲು ಅವರಿರಲಿಲ್ಲ.

ಈ ವರ್ಷದ ಸ್ನೇಹಸಮ್ಮೇಳನದಲ್ಲಿ ನಮ್ಮ ಮಕ್ಕಳು ಇದನ್ನೇ ಚಿಕ್ಕ ನಾಟಕವಾಗಿ ಆಡಿದರು. ಪ್ರಶ್ನೆ ಕೇಳಿದ ಹುಡುಗನೇ ಕರಿಯ ಕೋಟು ತೊಟ್ಟು ವೆಂಕಟರಾಯರಾದನು. ಮಾತು ಎರಡು ಕಡೆ ತಪ್ಪಿತು, ಪುಲಕೇಶಿಯ ಕಿರೀಟ ಒಮ್ಮೆ ಜಾರಿತು. ನಾಟಕ ಮುಗಿದ ಮೇಲೆ, ಕಟ್ಟಡದ ಕೆಲಸ ಮಾಡುವ ತಾಯಿಯೊಬ್ಬರು ಬಳಿಗೆ ಬಂದರು. ಅವರ ತವರು ಬಾದಾಮಿಯ ಹತ್ತಿರ. ಬನಶಂಕರಿ ಜಾತ್ರೆಗೆ ವರ್ಷವರ್ಷವೂ ಹೋಗಿದ್ದವರು. ಆ ಗುಡ್ಡದ ಗವಿಗಳು ಈ ಅರಸನ ಮನೆತನದವೇ ಎಂದು ಕೇಳಿದರು. ಹೌದೆಂದೆವು. ಅವರು ಮಗಳನ್ನು ಕರೆದು, ಬೇಸಿಗೆಯ ಸೂಟಿಯಲ್ಲಿ ಊರಿಗೆ ಹೋದಾಗ ಗವಿಗಳನ್ನು ತೋರಿಸುವೆನೆಂದು ಹೇಳುತ್ತ ಬಸ್ಸಿನ ಕಡೆಗೆ ನಡೆದರು.