ದೀಪ ಹಿಡಿದ ಸಿಸ್ಟರ್ ಗೊತ್ತು, ಲೆಕ್ಕ ಹಿಡಿದ ಸಿಸ್ಟರ್ ಗೊತ್ತಾ?

ಮೇ 12 ಬಂತೆಂದರೆ ಆಸ್ಪತ್ರೆಗಳಲ್ಲಿ ಒಂದು ಫೋಟೊಗೆ ಹಾರ ಬೀಳುತ್ತೆ. ಸಿಸ್ಟರ್‌ಗಳು ಮೇಣದಬತ್ತಿ ಹಿಡಿದು ಪ್ರತಿಜ್ಞೆ ಮಾಡ್ತಾರೆ, ಕೇಕ್ ಕಟ್ ಆಗುತ್ತೆ. ಫೋಟೊದಲ್ಲಿ ಇರೋದು ಫ್ಲಾರೆನ್ಸ್ ನೈಟಿಂಗೇಲ್. ಅವರ ದೀಪದ ಕಥೆ ಎಲ್ಲರಿಗೂ ಗೊತ್ತು. ಅವರು ಇಟ್ಟ ಲೆಕ್ಕದ ಕಥೆ ಹೇಳೋರು ಕಡಿಮೆ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಅವರು ಹುಟ್ಟಿದರು. ಊರಿನ ಹೆಸರೇ ಮಗುವಿಗೂ ಬಂತು. ಇಂಗ್ಲೆಂಡಿನ ಶ್ರೀಮಂತ ಮನೆತನ. ತಂದೆಯೇ ಮನೆಯಲ್ಲಿ ಪಾಠ ಹೇಳಿಕೊಟ್ಟರು. ಹುಡುಗಿಗೆ ಗಣಿತದ ಹುಚ್ಚು. ಆಗ ನರ್ಸ್ ಕೆಲಸ ಅಂದ್ರೆ ಮರ್ಯಾದಸ್ಥರು ಮಾಡೋ ಕೆಲಸವಲ್ಲ ಅನ್ನೋ ಭಾವನೆ ಇತ್ತು. ಮನೆಯವರು ಒಪ್ಪಲಿಲ್ಲ. ವರ್ಷಗಟ್ಟಲೆ ಹಟ ಹಿಡಿದು 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದರು.

ಮರುವರ್ಷ ಕ್ರಿಮಿಯಾ ಯುದ್ಧ. 1854ರ ನವೆಂಬರ್‌ನಲ್ಲಿ 38 ನರ್ಸ್‌ಗಳ ಜೊತೆ ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಬಂದಿಳಿದರು. ಕಟ್ಟಡದ ಕೆಳಗೇ ಕಟ್ಟಿಕೊಂಡ ಚರಂಡಿ. ಇಲಿ, ಹೇನು. ಕಾರಿಡಾರ್ ತುಂಬ ರೋಗಿಗಳು. ಗಾಯದಿಂದ ಸತ್ತವರಿಗಿಂತ ಕಾಲರಾ, ಭೇದಿ, ಟೈಫಸ್ ಜ್ವರದಿಂದ ಸತ್ತವರೇ ಜಾಸ್ತಿ. ಅವರು ಹಗಲೂ ರಾತ್ರಿ ದುಡಿದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ಶೇ 42ರಷ್ಟಿತ್ತು. ಮಾರ್ಚ್‌ನಲ್ಲಿ ಸರ್ಕಾರದ ನೈರ್ಮಲ್ಯ ಆಯೋಗ ಬಂತು. ಚರಂಡಿ ತೊಳೆಸಿದರು, ಗೋಡೆಗೆ ಸುಣ್ಣ ಬಳಿಸಿದರು, ಗಾಳಿ ಆಡೋ ಹಾಗೆ ಮಾಡಿದರು. ಜೂನ್ ಹೊತ್ತಿಗೆ ಅದೇ ಪ್ರಮಾಣ ಶೇ 2ರ ಆಸುಪಾಸಿಗೆ ಇಳಿಯಿತು.

1856ರಲ್ಲಿ ಊರಿಗೆ ಮರಳಿದಾಗ ಜನರ ಪಾಲಿಗೆ ಅವರು ದೇವತೆ. ಹೊಗಳಿಕೆ ಕೇಳ್ಕೊಂಡು ಸುಮ್ಮನೆ ಇರಬಹುದಿತ್ತು. ಇರಲಿಲ್ಲ. ವಿಲಿಯಂ ಫಾರ್ ಅನ್ನೋ ಅಂಕಿಅಂಶ ತಜ್ಞರ ಜೊತೆ ಕೂತು ಸಾವಿನ ಲೆಕ್ಕ ಬಿಡಿಸಿದರು. ಸಿಪಾಯಿಗಳು ಸತ್ತದ್ದು ಊಟದ ಕೊರತೆ, ದಣಿವು, ತಡವಾಗಿ ಬಂದದ್ದರಿಂದ ಅಂತ ಮೊದಲು ಅವರೂ ನಂಬಿದ್ದರು. ಲೆಕ್ಕ ಬೇರೆ ಹೇಳಿತು: ಮುಖ್ಯ ಕಾರಣ ಕೊಳಕು ಮತ್ತು ಉಸಿರುಕಟ್ಟುವ ವಾರ್ಡ್. ಅಂದರೆ ತಾವೇ ದುಡಿದ ಆಸ್ಪತ್ರೆಯೇ ಜೀವ ತೆಗೆದಿತ್ತು. ಅದನ್ನ ಅವರು ಮುಚ್ಚಿಡಲಿಲ್ಲ. 1858ರ ವರದಿಯಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಎಸಳು ಇರೋ ಬಣ್ಣದ ಚಿತ್ರ ಹಾಕಿದರು. ಕೆಂಪು ಗಾಯದ ಸಾವು, ನೀಲಿ ತಡೆಯಬಹುದಾಗಿದ್ದ ರೋಗದ ಸಾವು. ನೀಲಿಯೇ ದೊಡ್ಡದು. ಓದೋಕೆ ಪುರುಸೊತ್ತಿಲ್ಲದ ಮಂತ್ರಿಗೂ ಒಂದೇ ನೋಟಕ್ಕೆ ಅರ್ಥ ಆಗ್ತಿತ್ತು. ಅದೇ ವರ್ಷ ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿ ಅವರನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆ ಶುರುವಾಯ್ತು. ಅಲ್ಲಿ ಬರೀ ಬ್ಯಾಂಡೇಜ್ ಕಟ್ಟೋದಲ್ಲ, ರೋಗಿಯನ್ನ ಗಮನಿಸಿ ಬರೆದಿಡೋದೂ ಪಾಠವೇ. ಎಲ್ಲಾ ಆಸ್ಪತ್ರೆಗಳೂ ಒಂದೇ ಥರದ ಫಾರಂನಲ್ಲಿ ಲೆಕ್ಕ ಇಡಬೇಕು, ಇಲ್ಲಾಂದ್ರೆ ಹೋಲಿಸೋದು ಹೇಗೆ ಅಂತಲೂ ವಾದಿಸಿದರು.

ಅವರ ನಿಧಿಯಿಂದಲೇ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ತರಬೇತಿಗೆ ಹೆರಿಗೆ ವಾರ್ಡ್ ನಡೀತಿತ್ತು. ಬಾಣಂತಿ ಜ್ವರಕ್ಕೆ ತಾಯಂದಿರು ಸಾಯತೊಡಗಿದಾಗ 1867ರಲ್ಲಿ ಅದನ್ನ ಮುಚ್ಚಲಾಯಿತು. ಬಳಿಕ ಅವರು ಬೇರೆ ಬೇರೆ ಕಡೆಯ ಅಂಕಿ ತರಿಸಿದರು. ಆ ಕಾಲದಲ್ಲಿ ಮನೆ ಹೆರಿಗೆಗಿಂತ ಆಸ್ಪತ್ರೆ ಹೆರಿಗೆಯಲ್ಲೇ ತಾಯಂದಿರ ಸಾವು ಹೆಚ್ಚು ಅಂತ 1871ರಲ್ಲಿ ಪುಸ್ತಕ ಬರೆದರು. ತಮ್ಮದೇ ಯೋಜನೆಗೆ ವಿರುದ್ಧವಾದ ಸತ್ಯವನ್ನ ತಾವೇ ಅಚ್ಚು ಹಾಕಿಸಿದರು.

ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ದಂಡುಗಳಿಗೆ ಪ್ರಶ್ನಾವಳಿ ಹೋಯ್ತು. 1863ರ ವರದಿ ಪ್ರಕಾರ ಇಲ್ಲಿ ಬ್ರಿಟಿಷ್ ಸಿಪಾಯಿಗಳ ಸಾವು ವರ್ಷಕ್ಕೆ ಸಾವಿರಕ್ಕೆ 69. ಬಂದ ಉತ್ತರಗಳನ್ನ ಓದಿ ಅವರು ಬರೆದ ಟಿಪ್ಪಣಿಯಲ್ಲಿ ನಮ್ಮ ಬೆಂಗಳೂರಿನ ಹಲಸೂರು ಕೆರೆಯೂ ಇದೆ. ಕುಡಿಯೋ ನೀರಿನ ಕೆರೆಗೆ ಬಜಾರಿನ ಕೊಳಚೆ ಸೇರ್ತಿತ್ತು.

ಕಾಯಿಲೆಯಿಂದ ವರ್ಷಗಟ್ಟಲೆ ಹಾಸಿಗೆಯಲ್ಲೇ ಇದ್ದು ಇಷ್ಟೆಲ್ಲ ಮಾಡಿದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಇವತ್ತು ನರ್ಸಿಂಗ್ ಪದವಿಯಲ್ಲಿ ಸಂಶೋಧನೆ, ಅಂಕಿಅಂಶ ಎರಡೂ ಪಾಠವಾಗಿವೆ. ಪುರಾವೆ ನೋಡಿ ಆರೈಕೆ ಮಾಡಬೇಕು ಅಂತ ಕಲಿಸ್ತಾರೆ. ಆದರೆ ಡ್ಯೂಟಿಗೆ ಸೇರಿದ ಮೇಲೆ ರಿಜಿಸ್ಟರ್ ತುಂಬಿಸೋದರಲ್ಲೇ ಶಿಫ್ಟ್ ಮುಗಿದುಹೋದ್ರೆ, ಆ ರಿಜಿಸ್ಟರ್ ಏನು ಹೇಳ್ತಿದೆ ಅಂತ ನೋಡೋರು ಯಾರು? ಯಾವ ವಾರ್ಡ್‌ನಲ್ಲಿ ಬೆನ್ನುಹುಣ್ಣು ಜಾಸ್ತಿ, ಯಾವ ತಿಂಗಳು ಡ್ರಿಪ್ ಹಾಕಿದ ಕೈ ಹೆಚ್ಚು ಊದ್ತು, ಇದನ್ನ ಮೊದಲು ಕಾಣೋದು ಸಿಸ್ಟರ್ ಕಣ್ಣಿಗೇ. ನೈಟಿಂಗೇಲ್ ಕೂಡ ಒಬ್ಬರೇ ಲೆಕ್ಕ ಬಿಡಿಸಲಿಲ್ಲ, ಪಕ್ಕದಲ್ಲಿ ಫಾರ್ ಇದ್ದರು. ನಮ್ಮ ಸಿಸ್ಟರ್‌ಗಳಿಗೂ ವಾರಕ್ಕೆ ಒಂದೆರಡು ಗಂಟೆ ಬಿಡುವು, ಲೆಕ್ಕ ಹೇಳಿಕೊಡೋ ಒಬ್ಬರು, ಕಂಡದ್ದನ್ನ ಹೇಳಿದರೆ ಕೇಳೋ ಒಬ್ಬ ಮೇಲಧಿಕಾರಿ ಬೇಕು. ಇಷ್ಟು ಕೊಟ್ಟರೆ ಆ ರಿಜಿಸ್ಟರ್‌ಗಳೂ ಜೀವ ಉಳಿಸ್ತವೆ.